ಕನಸು ಕಾಣಲು ಯಾರ ಅಪ್ಪಣೆ ಬೇಕು?

ಕನ್ನಡದಲ್ಲಿ ಬರೆಯುವ ಮುಸ್ಲಿಂ ಕಥೆಗಾರರಿಗೆ ಒಂದು ಅಲಿಖಿತ ಕರಾರು ಇದೆ. ನಮ್ಮ ಕಥೆಯಲ್ಲಿ ತಲಾಖ್ ಇರಬೇಕು, ಇಲ್ಲವೇ ಗಲಭೆ ಇರಬೇಕು. ಬಡತನ, ಬುರ್ಖಾ, ಕರ್ಮಠ ಮೌಲವಿ, ಸೋರುವ ಮನೆ - ಇವುಗಳಲ್ಲಿ ಒಂದಾದರೂ ಇರಲೇಬೇಕು. ಇದ್ದರೆ ಆ ಕಥೆ 'ಅಧಿಕೃತ', 'ಒಳಗಿನಿಂದ ಬಂದದ್ದು', 'ಅನುಭವದ ದ್ರವ್ಯವುಳ್ಳದ್ದು'. ಇಲ್ಲದಿದ್ದರೆ ಸಂಪಾದಕರಿಗೆ ಗಲಿಬಿಲಿ, ವಿಮರ್ಶಕರಿಗೆ ಮುಜುಗರ. ವಿಶೇಷಾಂಕವೊಂದಕ್ಕೆ ಕಥೆ ಕೇಳಿದ ಸಂಪಾದಕರೊಬ್ಬರಿಗೆ ನಾವು ಒಮ್ಮೆ ಇನ್ನೂರು ವರ್ಷಗಳ ನಂತರದ ಒಂದು ಊರಿನ ಕಥೆ ಕಳಿಸಿದ್ದೆವು. "ಚೆನ್ನಾಗಿದೆ, ಆದರೆ ನಿಮ್ಮ ಕಡೆಯ ಬದುಕಿನದ್ದು ಏನಾದರೂ ಇದ್ದರೆ ಕಳಿಸಿ" ಎಂದು ಉತ್ತರ ಬಂತು. ಇನ್ನೂರು ವರ್ಷಗಳ ನಂತರ 'ನಮ್ಮ ಕಡೆಯವರು' ಬದುಕಿರುವುದಿಲ್ಲ ಎಂದು ಅವರೇನೂ ಹೇಳಿರಲಿಲ್ಲ. ಆದರೆ ಆ ಊರಿನಲ್ಲಿ ಅವರಿಗೆ ನಾವು ಕಾಣಿಸಲಿಲ್ಲ ಎಂಬುದಂತೂ ನಿಜ.

ಈ ಕರಾರನ್ನು ನಾವು ಪ್ರಶ್ನಿಸಬೇಕಾಗಿದೆ. ವಿಜ್ಞಾನ ಕಥೆ, ಅದ್ಭುತ ಕಥೆಗಳ ಹುಚ್ಚು ಹಿಡಿಸಿಕೊಂಡ ಓದುಗರಾಗಿಯೂ, ಕಥೆ ಬರೆಯುವವರಾಗಿಯೂ ನಮ್ಮ ವಾದ ಇಷ್ಟೆ: ತನ್ನ ನಾಳೆಯನ್ನು ತಾನೇ ಕಲ್ಪಿಸಿಕೊಳ್ಳಲಾರದ ಸಮುದಾಯದ ನಾಳೆಯನ್ನು ಬೇರೆಯವರು ಬರೆಯುತ್ತಾರೆ. ಅದು ಅವರಿಗೆ ಅನುಕೂಲವಾಗುವಂತೆಯೇ ಇರುತ್ತದೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡೋಣ. ವಾಸ್ತವವಾದಿ ಸಾಹಿತ್ಯದ ಮೇಲೆ ನಮಗೆ ಯಾವ ಹಗೆಯೂ ಇಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಬಾರದಿದ್ದರೆ, ಬೊಳುವಾರು ಅವರ ಮುತ್ತುಪ್ಪಾಡಿ ಕನ್ನಡದ ನಕಾಶೆಯಲ್ಲಿ ಮೂಡದಿದ್ದರೆ ನಮ್ಮಂಥವರು ಲೇಖನಿ ಹಿಡಿಯುತ್ತಿದ್ದೆವೋ ಇಲ್ಲವೋ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ 'ಹಾರ್ಟ್ ಲ್ಯಾಂಪ್' ಮೂಲಕ, ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾವೂ ಹೆಮ್ಮೆಯಿಂದ ಸಿಹಿ ಹಂಚಿದವರೇ. ನೋವನ್ನು ಹೇಳಲೇಬೇಕಿತ್ತು, ಇನ್ನೂ ಹೇಳಬೇಕಿದೆ. ನಮ್ಮ ತಕರಾರು ಇರುವುದು ಆ ಹಿರಿಯರು ಕಷ್ಟಪಟ್ಟು ತೆರೆದ ಬಾಗಿಲನ್ನೇ ಮಿತಿಯ ಗೋಡೆಯನ್ನಾಗಿ ಮಾಡಿಬಿಟ್ಟವರ ಬಗ್ಗೆ. ಸಾಕ್ಷಿ ಹೇಳುವುದಷ್ಟೇ ನಮ್ಮ ಕೆಲಸ, ಕಲ್ಪಿಸುವುದು ಉಳಿದವರ ಕೆಲಸ ಎಂಬ ಈ ಹಂಚಿಕೆಯನ್ನು ಮಾಡಿದವರು ಯಾರು?

ಉರ್ದು ಶಾಲೆ, ಕನ್ನಡ ಶಾಲೆ ಎರಡರ ಬೆಂಚಿನಲ್ಲೂ ಕುಳಿತು ಬಂದವರು ನಾವು. ಎರಡೂ ಕಡೆ ನಮಗೆ ಕಲಿಸಿದ್ದು ಒಂದೇ - ಜಿನ್ನ್, ಪರಿ, ತಿಲಿಸ್ಮಿನ ಕಥೆಗಳು ಬಾಲಿಶ. ದೊಡ್ಡವರಾದ ಮೇಲೆ ಅವುಗಳನ್ನು ಬಿಡಬೇಕು. ಉರ್ದುವಿನಲ್ಲಿ ಈ ಪಾಠಕ್ಕೆ ಒಂದು ಚರಿತ್ರೆಯೇ ಇದೆ. 1857ರ ಸೋಲಿನ ನಂತರ ನಮ್ಮ ಸುಧಾರಕರು ತಮ್ಮ ಪತನಕ್ಕೆ ಕಾರಣ ಹುಡುಕುತ್ತಾ ಹೊರಟಾಗ ಕೈಗೆ ಸಿಕ್ಕ ಆರೋಪಿಗಳಲ್ಲಿ ಕಥೆಯೂ ಒಂದು. 1870ರ ದಶಕದಲ್ಲಿ ಬಂದ ಡೆಪ್ಯುಟಿ ನಜೀರ್ ಅಹ್ಮದರ 'ತೌಬತುನ್ನಸೂಹ್' ಕಾದಂಬರಿಯಲ್ಲಿ ಕಾಲರಾದಿಂದ ಬದುಕುಳಿದ ನಸೂಹ್ ಮನೆಮಂದಿಯನ್ನೆಲ್ಲ ತಿದ್ದಲು ಹೊರಡುತ್ತಾನೆ. ಕವಿಮನಸ್ಸಿನ ಹಿರಿಯ ಮಗ ಕಲೀಮ್ ಮನೆ ಬಿಟ್ಟು ಹೋದಾಗ ಅವನ ಪುಸ್ತಕಗಳನ್ನು ಬೆಂಕಿಗೆ ಹಾಕುತ್ತಾನೆ. ಉರ್ದುವಿನ ಮೊದಮೊದಲ ಕಾದಂಬರಿಗಳಲ್ಲೊಂದು ತನಗಿಂತ ಹಿಂದಿನ ಕಥೆಗಳನ್ನು ಸುಡುವ ದೃಶ್ಯವನ್ನು ಒಳಗೊಂಡಿದೆ ಎಂಬುದನ್ನು ಗಮನಿಸಬೇಕು. ನಜೀರ್ ಅಹ್ಮದರ ಬರಹವನ್ನು ವಸಾಹತು ಸರ್ಕಾರ ಬಹುಮಾನ ಕೊಟ್ಟು ಮೆಚ್ಚಿತು. 1893ರಲ್ಲಿ ಹಾಲಿಯವರು ತಮ್ಮ 'ಮುಕದ್ದಮಾ'ದಲ್ಲಿ ಕಾವ್ಯ 'ನೇಚರಲ್' ಆಗಿರಬೇಕೆಂದು ವಿಧಿಸಿದರು. ಅವರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಗೆದ್ದವನ ಅಳತೆಗೋಲನ್ನು ಸೋತವನು ತನ್ನದೆಂದು ಒಪ್ಪಿಕೊಂಡ ಕ್ಷಣವೂ ಅದೇ ಆಗಿತ್ತು.

ಸುಟ್ಟದ್ದು ಎಂಥ ಸಂಪತ್ತನ್ನು? ಅಕ್ಬರ್ ಬಾದಷಹ ಅಮೀರ್ ಹಮ್ಜಾನ ದಾಸ್ತಾನಿಗಾಗಿ ಸುಮಾರು 1400 ಚಿತ್ರಗಳನ್ನು ಬರೆಸಿದ. ಕಲಾವಿದರ ತಂಡಕ್ಕೆ ಹದಿನೈದು ವರ್ಷದಷ್ಟು ಕಾಲ ಹಿಡಿಯಿತು. ಲಖನೌದ ನವಲ್ ಕಿಶೋರ್ ಮುದ್ರಣಾಲಯ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಶುರುಮಾಡಿ ಇಪ್ಪತ್ತನೆಯದರ ಆರಂಭದವರೆಗೆ ಇದೇ ದಾಸ್ತಾನನ್ನು 46 ಸಂಪುಟಗಳಲ್ಲಿ ಅಚ್ಚುಹಾಕಿತು. ಮುದ್ರಣಾಲಯದ ಮಾಲೀಕರು ಹಿಂದೂ, ಹೇಳಿದ ದಾಸ್ತಾನಗಾರರು ಮುಸ್ಲಿಮರು, ಕೇಳಿದವರು ಎಲ್ಲರೂ. ಅದರ ಭಾಗವಾದ 'ತಿಲಿಸ್ಮೆ ಹೋಶ್‌ರುಬಾ'ದಲ್ಲಿ ಮಾಟಗಾರರ ಚಕ್ರವರ್ತಿ ಅಫ್ರಾಸಿಯಾಬ್ ಇದ್ದಾನೆ, ಇಡೀ ಜಗತ್ತನ್ನೇ ನುಂಗಿಕೊಳ್ಳುವ ಚೀಲ 'ಜಂಬೀಲ್' ಹೆಗಲಿಗೇರಿಸಿದ ಅಮರ್ ಅಯ್ಯಾರ್ ಇದ್ದಾನೆ. ಆ ಚೀಲದೊಳಗೆ ಊರುಗಳಿವೆ, ನದಿಗಳಿವೆ. ಟೋಲ್ಕಿನ್ನನ 'ಲಾರ್ಡ್ ಆಫ್ ದಿ ರಿಂಗ್ಸ್' ಬಂದದ್ದು 1954-55ರಲ್ಲಿ. ಅದರ ಮೂರು ಸಂಪುಟಗಳನ್ನು ಲೋಕವೇ ಬೆರಗಾಗಿ ಓದಿತು. ನಮ್ಮ 46 ಸಂಪುಟಗಳ ಪೂರ್ಣ ಕಟ್ಟನ್ನು ಒಟ್ಟುಗೂಡಿಸಲು ಶಮ್ಸುರ್ರಹ್ಮಾನ್ ಫಾರೂಕಿಯಂಥ ಒಬ್ಬ ವಿಮರ್ಶಕ ವರ್ಷಗಟ್ಟಲೆ ಅಲೆಯಬೇಕಾಯಿತು. ದಿಲ್ಲಿಯ ಕೊನೆಯ ದಾಸ್ತಾನಗೋ ಮೀರ್ ಬಾಕರ್ ಅಲಿ 1928ರಲ್ಲಿ ತೀರಿಕೊಂಡಾಗ ಅವರ ಜೊತೆಗೇ ಒಂದು ಕಲೆ ಮಣ್ಣುಪಾಲಾಯಿತು; ಅದು ಮತ್ತೆ ವೇದಿಕೆ ಹತ್ತಲು 2005ರವರೆಗೆ ಕಾಯಬೇಕಾಯಿತು.

ದಿಲ್ಲಿ, ಲಖನೌದ ಮಾತು ನಮಗೇಕೆ ಎನ್ನುವವರು ಬಿಜಾಪುರದ ಕಡೆ ನೋಡಲಿ. 1657-58ರ ಸುಮಾರಿಗೆ ಅಲ್ಲಿನ ಆಸ್ಥಾನಕವಿ ನುಸ್ರತಿ ದಖನಿಯಲ್ಲಿ 'ಗುಲ್‌ಶನೆ ಇಶ್ಕ್' ಬರೆದ. ಮಲಗಿದ್ದ ರಾಜಕುಮಾರನನ್ನು ಪರಿಗಳು ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ದೂರದೇಶದ ರಾಜಕುಮಾರಿಯ ಬಳಿ ಬಿಡುತ್ತಾರೆ. ಮುಂದೆ ಆ ಹುಡುಗಿ ತಾಯಿಯ ಮಾಟದಿಂದ ಹಕ್ಕಿಯಾಗುತ್ತಾಳೆ. ಕಥಾನಾಯಕನ ಹೆಸರು ಮನೋಹರ, ನಾಯಕಿಯ ಹೆಸರು ಮಧುಮಾಲತಿ! ಮುಸ್ಲಿಂ ಕವಿ, ಹಿಂದೂ ಪ್ರೇಮಿಗಳು, ಪರ್ಷಿಯಾದ ಪರಿಗಳು, ದಖನಿನ ಭಾಷೆ. ಇದಕ್ಕೂ ಮುಂಚೆ, 1570ರಲ್ಲಿ, ಅದೇ ಬಿಜಾಪುರದಲ್ಲಿ ಸಿದ್ಧವಾದ 'ನುಜೂಮುಲ್ ಉಲೂಮ್' ಎಂಬ ಹಸ್ತಪ್ರತಿಯಲ್ಲಿ ಗ್ರಹನಕ್ಷತ್ರಗಳು, ಮಲಕ್‌ಗಳು, ಯೋಗಿನಿಯರು ಒಂದೇ ಜಿಲ್ದಿನೊಳಗೆ ಕುಳಿತಿದ್ದಾರೆ. ಅದನ್ನು ನೋಡಬೇಕೆಂದರೆ ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯಕ್ಕೆ ಹೋಗಬೇಕು. ಅದ್ಭುತವೆಂಬುದು ಈ ನೆಲದ ಮುಸ್ಲಿಮರಿಗೆ ಹಾಲಿವುಡ್‌ನಿಂದ ಬಂದ ಸರಕಲ್ಲ.

ಇನ್ನು ಕನ್ನಡದ ಕಡೆ ಬರೋಣ. ಕನ್ನಡ ವಿಮರ್ಶೆಗೆ ಅದ್ಭುತದ ಬಗ್ಗೆ ಅಲರ್ಜಿ ಇದೆ ಎನ್ನುವಂತಿಲ್ಲ. ಕಾರ್ನಾಡರ 'ಹಯವದನ'ದಲ್ಲಿ ತಲೆಗಳು ಅದಲುಬದಲಾಗುತ್ತವೆ, 'ನಾಗಮಂಡಲ'ದಲ್ಲಿ ಹಾವು ಗಂಡನಾಗಿ ಬರುತ್ತದೆ. ಕಂಬಾರರ ಶಿವಾಪುರದಲ್ಲಿ ಏನು ಬೇಕಾದರೂ ನಡೆಯಬಹುದು. ಅದನ್ನೆಲ್ಲ ನಾವು 'ಜಾನಪದ', 'ಪುರಾಣಪ್ರತಿಮೆ' ಎಂದು ಗೌರವದಿಂದ ಕರೆದೆವು, ಕರೆಯಬೇಕಾದದ್ದೇ. ತೇಜಸ್ವಿಯವರ 'ಕರ್ವಾಲೊ' (1980) ಲಕ್ಷಾಂತರ ವರ್ಷಗಳ ಹಿಂದಿನ ಹಾರುವ ಓತಿಯೊಂದನ್ನು ಹುಡುಕುತ್ತಾ ಕಾಡಿನ ಅಂಚಿನವರೆಗೆ ಹೋಗಿ ಅದು ಕಣ್ಣೆದುರೇ ಕಣಿವೆಗೆ ತೇಲಿ ಮರೆಯಾಗುವಲ್ಲಿ ಮುಗಿಯುತ್ತದೆ. ಜಗತ್ತಿನ ಯಾವ ಭಾಷೆಯ ವಿಜ್ಞಾನ ಕಥೆಯ ಪಕ್ಕದಲ್ಲೂ ನಿಲ್ಲಿಸಬಹುದಾದ ಕೃತಿ ಅದು. ಆದರೆ ಅದನ್ನು ವಿಜ್ಞಾನ ಕಥೆಯೆಂದು ಕರೆದರೆ ಎಲ್ಲಿ ಅದರ ಘನತೆ ಇಳಿದೀತೋ ಎಂದು ನಮ್ಮ ಪಂಡಿತರಿಗೆ ಭಯ. ಜೀವಮಾನವಿಡೀ ವಿಜ್ಞಾನ ಕಥೆಯನ್ನೇ ಬರೆದ ರಾಜಶೇಖರ ಭೂಸನೂರಮಠರ ಹೆಸರು ಎಷ್ಟು ಸಾಹಿತ್ಯ ಚರಿತ್ರೆಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಪಡೆದಿದೆ? ಅಂದರೆ ಇಲ್ಲಿನ ನಿಯಮ ಹೀಗಿದೆ: ಅದ್ಭುತವು ಹಿಂದಿನದ್ದಾದರೆ ಸಂಸ್ಕೃತಿ, ಮುಂದಿನದ್ದಾದರೆ ಮಕ್ಕಳಾಟಿಕೆ. ಜೊತೆಗೊಂದು ಉಪನಿಯಮ: ಅದು ಯಕ್ಷ-ನಾಗರದ್ದಾದರೆ ನಮ್ಮ ಬೇರು, ಜಿನ್ನ್-ಪರಿಯರದ್ದಾದರೆ ಅರೇಬಿಯಾದ ಆಮದು.

ನಮ್ಮವರೇ ಒಡ್ಡುವ ತಡೆಯನ್ನೂ ಮುಚ್ಚಿಡಬೇಕಾಗಿಲ್ಲ. ಕಲ್ಪಿತ ಕಥೆ ಎಂದರೆ ಸುಳ್ಳು, ಸುಳ್ಳು ಎಂದರೆ ಗುನಾಹ್ ಎನ್ನುವ ಹಿರಿಯರು ನಮ್ಮ ಮೊಹಲ್ಲಾಗಳಲ್ಲಿ ಇದ್ದಾರೆ. ಅವರಿಗೆ ನಮ್ಮದೊಂದು ವಿನಮ್ರ ಪ್ರಶ್ನೆ. ಪ್ರತಿ ಶುಕ್ರವಾರ ನೀವು ಓದುವ ಸೂರಃ ಅಲ್ ಕಹ್ಫ್‌ನಲ್ಲಿ ಗುಹೆಯೊಳಗೆ 309 ವರ್ಷ ನಿದ್ರಿಸಿದ ಯುವಕರ ವೃತ್ತಾಂತವಿದೆ. ಅವರಲ್ಲೊಬ್ಬ ಹಳೆಯ ಬೆಳ್ಳಿ ನಾಣ್ಯ ಹಿಡಿದು ಪೇಟೆಗೆ ಊಟ ತರಲು ಹೋಗುತ್ತಾನೆ. ಅದು ನಮಗೆ ಕಥೆಯಲ್ಲ, ಈಮಾನಿನ ಮಾತು. ಅದನ್ನು ಕಲ್ಪಿತ ಸಾಹಿತ್ಯದ ಸಾಲಿಗೆ ಸೇರಿಸುವ ಉದ್ಧಟತನ ನಮಗಿಲ್ಲ. ಆದರೆ ಕಾಲವೆಂಬುದು ನಾವು ತಿಳಿದಷ್ಟು ಸರಳವಲ್ಲವೆಂದು ವಾರಕ್ಕೊಮ್ಮೆ ಓದುವ ಮನಸ್ಸಿಗೆ, 'ಒಬ್ಬ ಮನುಷ್ಯ ಮುನ್ನೂರು ವರ್ಷ ಮುಂದಕ್ಕೆ ಹೋದರೆ ಏನಾದೀತು' ಎಂದು ಕೇಳುವ ಕಥೆ ಪರಕೀಯವಾಗುವುದು ಹೇಗೆ? ಹನ್ನೆರಡನೇ ಶತಮಾನದ ಆಂದಲೂಸಿಯಾದಲ್ಲಿ ಇಬ್ನ್ ತುಫೈಲ್ 'ಹಯ್ ಇಬ್ನ್ ಯಖ್ಜಾನ್' ಬರೆದರು. ನಿರ್ಜನ ದ್ವೀಪದಲ್ಲಿ ಜಿಂಕೆಯ ಹಾಲು ಕುಡಿದು ಬೆಳೆದ ಮಗುವೊಂದು ಬರೀ ಬುದ್ಧಿಯ ಬಲದಿಂದ ಲೋಕವನ್ನೂ ಲೋಕದೊಡೆಯನನ್ನೂ ಅರಿಯುವ ಕಥೆ ಅದು. 1671ರಲ್ಲಿ ಲ್ಯಾಟಿನ್‌ಗೆ, 1708ರಲ್ಲಿ ಅರಬಿಯಿಂದ ನೇರವಾಗಿ ಇಂಗ್ಲಿಷಿಗೆ ಬಂತು. 'ರಾಬಿನ್ಸನ್ ಕ್ರೂಸೋ' ಬಂದದ್ದು 1719ರಲ್ಲಿ. ಇಬ್ನ್ ತುಫೈಲ್ ವೈದ್ಯರು, ತತ್ವಜ್ಞಾನಿ. ಅವರಿಗೆ ಕಲ್ಪಿತ ಕಥೆ ಗುನಾಹ್ ಎನಿಸಲಿಲ್ಲ.

ಇಲ್ಲಿ ಇನ್ನೊಂದು ಅಪಾಯವಿದೆ. ಕಲ್ಪನೆಗೆ ಕಥೆಯ ಮನೆಯಲ್ಲಿ ಜಾಗ ಕೊಡದಿದ್ದರೆ ಅದು ಸುಮ್ಮನೆ ಹೊರಗೆ ನಿಲ್ಲುವುದಿಲ್ಲ. ವಿಜ್ಞಾನದ, ಇತಿಹಾಸದ ಮನೆಗೆ ನುಗ್ಗುತ್ತದೆ. 2015ರ ಜನವರಿಯಲ್ಲಿ ಮುಂಬೈಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲೇ ಪ್ರಾಚೀನ ಕಾಲದ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾಯಿತು. ಪುಷ್ಪಕ ವಿಮಾನ ಒಂದು ಸುಂದರ ಕಲ್ಪನೆ. ಅದನ್ನು ಕಲ್ಪನೆಯಾಗಿ ಸವಿಯಲು ಬಾರದವರು ಅದನ್ನು ತಂತ್ರಜ್ಞಾನವೆಂದು ಸಾಧಿಸಲು ಹೊರಡುತ್ತಾರೆ. ಇದನ್ನು ಕಂಡು ನಗುವ ನಾವೇನು ಕಡಿಮೆಯೇ? ಪ್ರತಿ ಹೊಸ ಆವಿಷ್ಕಾರ ಬಂದಾಗಲೂ 'ಇದು ನಮ್ಮ ಕಿತಾಬಿನಲ್ಲಿ ಮೊದಲೇ ಇತ್ತು' ಎಂದು ಭಾಷಣ ಬಿಗಿಯುವವರು ನಮ್ಮಲ್ಲೂ ಇದ್ದಾರೆ. ಇಬ್ಬರ ಕಾಯಿಲೆಯೂ ಒಂದೇ. ವಿಜ್ಞಾನ ಕಥೆಗಾರ ಮಾತ್ರ ಪ್ರಾಮಾಣಿಕ. ಅವನು ಮೊದಲ ಸಾಲಿನಲ್ಲೇ 'ಇದು ಆಗಿಲ್ಲ, ಆದರೆ ಆದರೆ?' ಎಂದು ಹೇಳಿಬಿಡುತ್ತಾನೆ. ಆ ಒಂದು 'ಆದರೆ' ಕೇಳಲು ಕಲಿತ ಮಗು ಮುಂದೆ ಯಾರ ಭಾಷಣಕ್ಕೂ ಸುಲಭವಾಗಿ ಮರುಳಾಗದು.

ಹಾಗೆ ಕೇಳಿದವರು ನಮ್ಮಲ್ಲೇ ಒಬ್ಬರಿದ್ದರು. ಅವರನ್ನು ನಮ್ಮ ಹೆಣ್ಣುಮಕ್ಕಳ ಪಠ್ಯದಲ್ಲಿ ಇಡದೇ ಹೋದದ್ದು ನಮ್ಮೆಲ್ಲರ ನಾಚಿಕೆ. ರುಕಯ್ಯಾ ಸಖಾವತ್ ಹುಸೇನ್ 1880ರಲ್ಲಿ ಈಗಿನ ಬಾಂಗ್ಲಾದೇಶದ ರಂಗಪುರದ ಪಾಯರಾಬಂದ್ ಎಂಬ ಊರಿನಲ್ಲಿ ಹುಟ್ಟಿದವರು. ಪರ್ದಾದೊಳಗೆ ಬೆಳೆದು, ಶಾಲೆಯ ಮೆಟ್ಟಿಲು ಹತ್ತದೆ, ಅಣ್ಣನ ನೆರವಿನಿಂದ ಇಂಗ್ಲಿಷ್ ಕಲಿತರು. 1905ರಲ್ಲಿ ಮದ್ರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜಿನ್'ನಲ್ಲಿ ಅವರ 'ಸುಲ್ತಾನಾಸ್ ಡ್ರೀಮ್' ಎಂಬ ಇಂಗ್ಲಿಷ್ ಕಥೆ ಅಚ್ಚಾಯಿತು. ಅದರಲ್ಲಿ ಬರುವ ಸ್ತ್ರೀರಾಜ್ಯದಲ್ಲಿ ಗಂಡಸರು 'ಮರ್ದಾನ'ದೊಳಗೆ ಅಡುಗೆ ಮಾಡಿಕೊಂಡು, ಮಕ್ಕಳನ್ನು ನೋಡಿಕೊಂಡು ಇದ್ದಾರೆ. ಹೆಂಗಸರ ವಿಶ್ವವಿದ್ಯಾನಿಲಯವೊಂದು ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುವ ಬಲೂನು ಕಂಡುಹಿಡಿದರೆ, ಇನ್ನೊಂದು ಸೂರ್ಯನ ಶಾಖವನ್ನು ಕೂಡಿಡುವ ಸಾಧನ ಕಂಡುಹಿಡಿಯುತ್ತದೆ. ಅಡುಗೆಮನೆಯಲ್ಲಿ ಹೊಗೆಯಿಲ್ಲ, ಕಲ್ಲಿದ್ದಲಿಲ್ಲ. ಗಂಡಸರ ಸೈನ್ಯ ಸೋತು ಬಂದಾಗ ಹೆಂಗಸರು ಅದೇ ಸೂರ್ಯಶಾಖವನ್ನು ಶತ್ರುಗಳತ್ತ ತಿರುಗಿಸಿ ಅವರನ್ನು ಓಡಿಸುತ್ತಾರೆ. ದಿನಕ್ಕೆ ಎರಡು ಗಂಟೆ ಕೆಲಸ ಮಾಡಿದರೆ ಸಾಕು, ಯಾಕೆಂದರೆ ಕಚೇರಿ ಹೊತ್ತಿನಲ್ಲಿ ಚುಟ್ಟಾ ಸೇದುತ್ತಾ ಕೂರುವ ಗಂಡಸರು ಅಲ್ಲಿಲ್ಲ!

ಸೌರಶಕ್ತಿಯ ಮಾತು ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ, ಮತದಾನದ ಹಕ್ಕೂ ಇಲ್ಲದ ಒಬ್ಬ ಮುಸ್ಲಿಂ ಹೆಣ್ಣುಮಗಳು ಇದನ್ನು ಬರೆದರು. ಅಮೆರಿಕದ ಶಾರ್ಲೆಟ್ ಗಿಲ್ಮನ್ 'ಹರ್‌ಲ್ಯಾಂಡ್' ಬರೆದದ್ದು ಇನ್ನೂ ಹತ್ತು ವರ್ಷಗಳ ನಂತರ, 1915ರಲ್ಲಿ. ರುಕಯ್ಯಾ ಪರ್ದಾದ ನೋವನ್ನು ವಾಸ್ತವವಾದಿಯಾಗಿಯೂ ಬರೆದಿದ್ದಾರೆ. 1931ರ 'ಅವರೋಧಬಾಸಿನಿ'ಯಲ್ಲಿ ಪರ್ದಾಕ್ಕೆ ಬಲಿಯಾದ ಹೆಂಗಸರ ಪ್ರಸಂಗಗಳಿವೆ. ಎರಡನ್ನೂ ಅವರೇ ಬರೆದರು ಎಂಬುದು ಮುಖ್ಯ. ಗೋಡೆ ಎಷ್ಟು ಎತ್ತರವಿದೆ ಎಂದು ಒಂದರಲ್ಲಿ ತೋರಿಸಿದರು, ಗೋಡೆಯೇ ಇಲ್ಲದ ಊರು ಹೇಗಿದ್ದೀತು ಎಂದು ಇನ್ನೊಂದರಲ್ಲಿ. ಕನಸನ್ನು ಬರೆದ ಆರು ವರ್ಷಕ್ಕೆ ಕಲ್ಕತ್ತೆಯಲ್ಲಿ ಹುಡುಗಿಯರ ಶಾಲೆ ತೆರೆದು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದರು. ಅದ್ಭುತ ಸಾಹಿತ್ಯವೆಂದರೆ ಪಲಾಯನ ಎನ್ನುವವರು ಹೇಳಲಿ, ಇದರಲ್ಲಿ ಪಲಾಯನ ಎಲ್ಲಿದೆ?

'ಮನೆಗೆ ಬೆಂಕಿ ಬಿದ್ದಿರುವಾಗ ಹಾರುವ ಚಾಪೆ ಯಾಕೆ?' ಎಂಬುದು ನಮ್ಮ ಪ್ರಗತಿಪರ ಗೆಳೆಯರ ಮಾಮೂಲಿ ಪ್ರಶ್ನೆ. ಬೆಂಕಿ ಬಿದ್ದ ಮನೆಯವರನ್ನೇ ಕೇಳಿ ನೋಡೋಣ. ದೇಶವಿಭಜನೆಯನ್ನು ಕಂಡ ಇಂತಿಜಾರ್ ಹುಸೇನ್ 'ಆಖ್ರೀ ಆದ್ಮಿ'ಯಲ್ಲಿ ಇಡೀ ಊರೇ ಮಂಗಗಳಾಗಿ ಮಾರ್ಪಡುವಾಗ ಮನುಷ್ಯನಾಗಿಯೇ ಉಳಿಯಲು ಹೆಣಗುವ ಕೊನೆಯವನ ಕಥೆ ಹೇಳಿದರು. ಅವರನ್ನು ಭೂತಕಾಲದ ಹಳಹಳಿಕೆಯವರೆಂದು ಜರೆದವರ ಹೆಸರು ಇಂದು ಯಾರಿಗೂ ನೆನಪಿಲ್ಲ. ಬಗ್ದಾದಿನ ಅಹ್ಮದ್ ಸಅದಾವಿಯವರ 'ಫ್ರಾಂಕೆನ್‌ಸ್ಟೈನ್ ಇನ್ ಬಗ್ದಾದ್' (2013) ಕಾದಂಬರಿಯಲ್ಲಿ ಗುಜರಿ ವ್ಯಾಪಾರಿಯೊಬ್ಬ ಬಾಂಬ್ ಸ್ಫೋಟಗಳಲ್ಲಿ ಚೆಲ್ಲಾಪಿಲ್ಲಿಯಾದ ದೇಹದ ತುಂಡುಗಳನ್ನು ಆಯ್ದು ತಂದು ಹೊಲಿಯುತ್ತಾನೆ, ಪೂರ್ತಿ ದೇಹವಾದರೆ ಗೌರವದಿಂದ ದಫನ್ ಮಾಡಬಹುದೆಂದು. ಆ ಹೆಣ ಎದ್ದು ನಡೆಯುತ್ತದೆ. ತನ್ನ ಒಂದೊಂದು ಅಂಗದ ಒಡೆಯನಿಗೂ ನ್ಯಾಯ ಕೇಳುತ್ತಾ ಹೊರಟು ಕೊನೆಗೆ ಯಾರು ಅಪರಾಧಿ, ಯಾರು ನಿರಪರಾಧಿ ಎಂಬುದೇ ತಿಳಿಯದ ಸ್ಥಿತಿ ಮುಟ್ಟುತ್ತದೆ. ಇರಾಕಿನ ಸಾವಿನ ಬಗ್ಗೆ ನಾವು ಓದಿದ ಯಾವ ವರದಿಯೂ ನಮ್ಮನ್ನು ಇಷ್ಟು ಅಲುಗಾಡಿಸಲಿಲ್ಲ. 2014ರಲ್ಲಿ ಅದಕ್ಕೆ ಅರಬಿ ಕಾದಂಬರಿಯ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು.

ಅದಕ್ಕಿಂತಲೂ ಮುಖ್ಯವಾದವು ಇನ್ನೆರಡು ಪುಸ್ತಕ. 2016ರಲ್ಲಿ ಬಂದ 'ಇರಾಕ್ + 100' ಸಂಕಲನಕ್ಕಾಗಿ ಇರಾಕಿ ಲೇಖಕರು ಅಮೆರಿಕದ ದಾಳಿಯಾಗಿ ನೂರು ವರ್ಷವಾದ 2103ರ ತಮ್ಮ ಊರುಗಳನ್ನು ಕಲ್ಪಿಸಿದರು. 2019ರ 'ಪ್ಯಾಲೆಸ್ಟೈನ್ + 100'ರಲ್ಲಿ ಪ್ಯಾಲೆಸ್ತೀನಿ ಲೇಖಕರು 'ನಕ್ಬಾ'ದ ನೂರನೇ ವರ್ಷವಾದ 2048ರ ಬಗ್ಗೆ ಬರೆದರು. 2023ರ ಅಕ್ಟೋಬರಿನ ನಂತರ ಗಾಜಾದಲ್ಲಿ ನಡೆದದ್ದನ್ನು ಕಂಡ ಮೇಲೆ ಆ ಪುಸ್ತಕವನ್ನು ಮತ್ತೆ ತೆರೆದರೆ ಕೈ ನಡುಗುತ್ತದೆ. ಎಲ್ಲವನ್ನೂ ಕಳೆದುಕೊಂಡವರು '2048ರಲ್ಲಿ ನಾವು ಇರುತ್ತೇವೆ' ಎಂದು ಬರೆಯುವುದೇ ಒಂದು ರಾಜಕೀಯ. ಅಳಿಸಿಹಾಕಲು ಬಂದವನಿಗೆ ಅದಕ್ಕಿಂತ ಗಟ್ಟಿಯಾದ ಉತ್ತರ ಬೇರೆ ಇಲ್ಲ.

ನಾವು ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಬೇಕಾದಷ್ಟಿದೆ. ಸಿ.ಎಸ್. ಲೂಯಿಸ್‌ನ ನಾರ್ನಿಯಾ ಕಥೆಗಳು ಮಕ್ಕಳಿಗೆ ಪ್ರಿಯ. ಅದರ 'ದಿ ಹಾರ್ಸ್ ಅಂಡ್ ಹಿಸ್ ಬಾಯ್' (1954) ಓದಿದರೆ ಮರುಭೂಮಿಯಾಚೆಯ ಕ್ಯಾಲೊರ್ಮೆನ್ ದೇಶ ಸಿಗುತ್ತದೆ: ಮುಂಡಾಸು, ಬಾಗಿದ ಖಡ್ಗ, ಗುಲಾಮರ ಸಂತೆ, ಮಾತಿನಲ್ಲಿ ಅತ್ತರು, ಎದೆಯಲ್ಲಿ ಕ್ರೌರ್ಯ. ಅಲ್ಲಿ ಒಳ್ಳೆಯವರಾಗಬೇಕಾದರೆ ಉತ್ತರದ ಬಿಳಿಯರ ನಾಡಿಗೆ ಓಡಿಹೋಗಬೇಕು. ಫ್ರಾಂಕ್ ಹರ್ಬರ್ಟನ 'ಡ್ಯೂನ್' (1965) ಬಗ್ಗೆ ನಮಗೆ ಅಪಾರ ಪ್ರೀತಿ. ಮಸೀಹನೆಂದು ಮೆರೆಸಲ್ಪಡುವ ನಾಯಕರ ಬಗ್ಗೆ ಅದು ಕೊಡುವ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ. ಆದರೆ ಅದರ 'ಮಹ್ದಿ', 'ಲಿಸಾನ್ ಅಲ್ ಗೈಬ್', 'ಜಿಹಾದ್' ಎಲ್ಲವೂ ನಮ್ಮ ಪದಗಳು. ಮರಳುಗಾಡಿನ ಜನರ ಕಣ್ಣೀರೂ ನಮ್ಮದೇ. ನಾಯಕ ಮಾತ್ರ ಹೊರಗಿನಿಂದ ಬಂದ ರಾಜಕುಮಾರ. 2021ರಲ್ಲಿ ಅದು ದೊಡ್ಡ ಸಿನಿಮಾ ಆಗಿ ಬಂದಾಗ 'ಜಿಹಾದ್' ಪದವೂ ಜಾರಿಹೋಯಿತು, ಮುಖ್ಯ ಪಾತ್ರಗಳಲ್ಲಿ ಅರಬ್ ಮುಖಗಳನ್ನು ದುರ್ಬೀನು ಹಾಕಿ ಹುಡುಕಬೇಕಾಯಿತು. ಪದಗಳನ್ನು ಕೊಟ್ಟವರು ನಾವು, ಟಿಕೆಟ್ ಕೊಂಡು ನೋಡಿದವರೂ ನಾವು.

ಇದನ್ನು ಹೇಳುವಾಗ ನಮ್ಮ ದಾಸ್ತಾನುಗಳು ಸಾಚಾ ಎಂದು ನಟಿಸುವಂತಿಲ್ಲ. ಹಮ್ಜಾನ ಪಡೆ ಸೋತವರ ಮುಂದೆ ಇಡುವ ಆಯ್ಕೆ ಎರಡೇ - ಧರ್ಮ ಬದಲಿಸು, ಇಲ್ಲವೇ ಸಾಯಿ. ಲೂಯಿಸ್ ನಮ್ಮನ್ನು ಕಂಡಂತೆಯೇ ನಮ್ಮ ದಾಸ್ತಾನಗೋಗಳು ಅನ್ಯರನ್ನು ಕಂಡರು. ಹಾಗಾಗಿ ನಮಗೆ ಬೇಕಾಗಿರುವುದು ಹಳೆಯದರ ಪುನರುಜ್ಜೀವನವಲ್ಲ. ಆ ಜಂಬೀಲಿನಿಂದ ಉಪಕರಣ ತೆಗೆದುಕೊಂಡು ಹೊಸದನ್ನು ಕಟ್ಟುವ ಧೈರ್ಯ.

ಕಟ್ಟಲು ಸಾಮಗ್ರಿಗೆ ಇಲ್ಲಿ ಬರವಿಲ್ಲ. ಉಳ್ಳಾಲದ ಕಡಲು ವರ್ಷವರ್ಷವೂ ದಡವನ್ನು ಕೊರೆಯುತ್ತಿದೆ. ನೂರು ವರ್ಷಗಳ ನಂತರದ ಬ್ಯಾರಿಗಳು ನೀರಿನ ಮೇಲೆ ಯಾವ ಊರು ಕಟ್ಟಿಕೊಂಡಾರು, ಅವರ ನೆರೆಯ ಮೊಗವೀರರ ಜೊತೆ ಯಾವ ಭಾಷೆಯಲ್ಲಿ ಜಗಳವಾಡಿಯಾರು? ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಕಡೆ ಉಸುರಿದ ಮಾತು ಎದುರಿನ ಗೋಡೆಗೆ ಕೇಳಿಸುತ್ತದೆ. ನಾವು ಕೂಗಿದ್ದಕ್ಕೆ 1656ರಿಂದ ಉತ್ತರ ಬಂದರೆ? ಬೀಡಿ ಕಟ್ಟುವ ಹೆಂಗಸರ ಒಂದು ಓಣಿ ರುಕಯ್ಯಾರ ಸ್ತ್ರೀರಾಜ್ಯವಾದರೆ ಮೊದಲ ಕಾಯಿದೆ ಯಾವುದು? ಇವುಗಳನ್ನು ಬರೆಯುವಾಗ ನೋವು ತಾನಾಗಿಯೇ ಬರುತ್ತದೆ. ಅದನ್ನು ಯಾರೂ ಬಾಗಿಲಲ್ಲಿ ನಿಲ್ಲಿಸಲಾರರು. ಆದರೆ ಅದರ ಜೊತೆಗೆ ಪ್ರಶ್ನೆಯೂ, ತಮಾಷೆಯೂ, ಬೆರಗೂ ಬರುತ್ತವೆ. ಬರೀ ನೋವಿನ ಜನರೆಂದು ನಮ್ಮನ್ನು ಪ್ರೀತಿಸುವವರಿಗೂ, ಬರೀ ಅಪಾಯದ ಜನರೆಂದು ದ್ವೇಷಿಸುವವರಿಗೂ ಆಗ ನಮ್ಮ ಪೂರ್ತಿ ಮುಖ ಕಾಣಿಸುತ್ತದೆ.

ಆದ್ದರಿಂದ ವಿಶೇಷಾಂಕಗಳ ಸಂಪಾದಕರಿಗೆ, ಈ ಪತ್ರಿಕೆಯವರನ್ನೂ ಸೇರಿಸಿ, ನಮ್ಮದೊಂದು ಬೇಡಿಕೆ. 2047ಕ್ಕೆ ಸ್ವಾತಂತ್ರ್ಯ ಬಂದು ನೂರು ವರ್ಷ. ಆ ವರ್ಷದ ಕರ್ನಾಟಕದ ಬಗ್ಗೆ ಹತ್ತು ಮುಸ್ಲಿಂ ಕಥೆಗಾರರಿಂದ, ಅದರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳಿಂದ, ಕಥೆ ಬರೆಸಿ ಒಂದು ಸಂಚಿಕೆ ತನ್ನಿ. 'ನಿಮ್ಮ ಕಡೆಯ ಬದುಕು' ಎಂಬ ಷರತ್ತು ಹಾಕಬೇಡಿ. ನಾವು ಎಲ್ಲಿಗೆ ಹೋದರೂ ನಮ್ಮ ಕಡೆಯ ಬದುಕು ನಮ್ಮ ಜೊತೆಗೇ ಬರುತ್ತದೆ, ಚಂದ್ರನ ಮೇಲಕ್ಕೂ.